ಎರಡೂ ಹತ್ತರ ಮೋಡ

ಜ್ಯೋತಿಲಕ್ಷ್ಮಿ ಬದುವಿನ ಮೇಲೆ ಕೂತು ಸೆರಗಿನ ಮರೆಯಲ್ಲಿ ಫೋನು ನೋಡುತ್ತಿದ್ದಳು. ನೀರು ಕುಡಿಯುವ ನೆಪ. ಕ್ಯಾನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಪರದೆಯ ಮೇಲಿನ ಮಳೆ ರಾಡಾರಿನಲ್ಲಿ ಪಾವಗಡದ ಕಡೆಯಿಂದ ಹಸಿರು ಮಚ್ಚೆಯೊಂದು ಹೊರಟು ಬರುತ್ತಿತ್ತು. ಅದರ ನಡುವೆ ಹಳದಿ, ಹಳದಿಯ ನಡುವೆ ಕೆಂಪು. ಹೊತ್ತು ಎರಡೂ ಹತ್ತು. ಇದೇ ಓಟದಲ್ಲಿ ಬಂದರೆ ಬರಗೂರು ದಾಟಿ ಇಲ್ಲಿಗೆ ತಲುಪಲು ನಲವತ್ತು ನಿಮಿಷ ಸಾಕು. ತಲೆಯ ಮೇಲೆ ಮಾತ್ರ ಬಿಸಿಲು ಚುರುಗುಟ್ಟುತ್ತಿತ್ತು, ಮೂಡಲಿಗೆ ಗುಡ್ಡ ಅಡ್ಡ ಇದ್ದುದರಿಂದ ಹೊಲದಲ್ಲಿದ್ದವರಿಗೆ ಏನೂ ಕಾಣುವಂತಿರಲಿಲ್ಲ.

ಹೊಲದಲ್ಲಿ ಐದು ಹೆಂಗಸರು ಬಗ್ಗಿ ಕಡ್ಲೆಕಾಯಿ ಗಿಡ ಕೀಳುತ್ತಿದ್ದರು. ಅಂದು ಜ್ಯೋತಿಲಕ್ಷ್ಮಿಯ ಮುಯ್ಯಿ. ಇವತ್ತು ಅವರು ಇವಳ ಹೊಲಕ್ಕೆ ಬಂದರೆ, ಅವರವರ ಸರದಿಯ ದಿನ ಇವಳು ಅವರ ಹೊಲಕ್ಕೆ ಹೋಗಬೇಕು, ಕೂಲಿಯ ಮಾತಿಲ್ಲ. ಈ ಲೆಕ್ಕಕ್ಕೆ ಇನ್ನೊಂದು ಕಟ್ಟಳೆಯೂ ಸೇರಿತ್ತು. ಮಳೆಯ ಸೂಚನೆ ಸಿಕ್ಕರೆ ಯಾರ ಹೊಲದಲ್ಲಿದ್ದರೂ ಕೈಯಲ್ಲಿದ್ದ ಕೆಲಸ ಬಿಟ್ಟು, ಯಾರ ಕಣದಲ್ಲಿ ಕಾಯಿ ಹರವಿದೆಯೋ ಅಲ್ಲಿಗೆ ಎಲ್ಲರೂ ಓಡಬೇಕು. ಕಿತ್ತು ಮಲಗಿಸಿದ ಗಿಡ ಆಮೇಲಿನ ಮಾತು.

ಅವತ್ತು ಕಣದಲ್ಲಿ ಕಾಯಿ ಹರವಿದ್ದವಳು ಆ ಐವರಲ್ಲಿ ಕೊಲ್ಲಾಪುರಮ್ಮ ಒಬ್ಬಳೇ. ದೊಡ್ಡ ಹೊಲದ ಕಾಯಿಯನ್ನೆಲ್ಲ ಬಿಡಿಸಿ ಮೂರು ದಿನದಿಂದ ಒಣಗಿಸುತ್ತಿದ್ದಳು. ಕೆರೆ ಹಿಂದಿನ ತುಂಡು ಹೊಲದ್ದು ಕೀಳುವುದು ನಾಳೆಗೆ ಬಾಕಿ. ಗಂಡ ಸಂಜೀವಯ್ಯ ನೆಂಟರ ತಿಥಿಗೆಂದು ಬುಕ್ಕಾಪಟ್ಟಣಕ್ಕೆ ಹೋಗಿದ್ದ. ಕಣದ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ಇಲ್ಲಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ನಡಿಗೆ. ಈಗಲೇ ಹೇಳಿದರೆ ಕಾಯಿ ಉಳಿಯುತ್ತಿತ್ತು. ಆದರೆ ಬೆಳಗಿನಿಂದ ಕಿತ್ತು ಸಾಲು ಸಾಲಾಗಿ ಮಲಗಿಸಿದ ಜ್ಯೋತಿಲಕ್ಷ್ಮಿಯ ಗಿಡವಷ್ಟೂ ನೆನೆದು, ಕಾಯಿ ಕಪ್ಪಾಗಿ, ಬಳ್ಳಿ ದನಗಳೂ ಮೂಸದ ಹಾಗಾಗುತ್ತಿತ್ತು.

ಈ ರಾಡಾರನ್ನು ಅವಳ ಫೋನಿಗೆ ಹಾಕಿಕೊಟ್ಟವನು ಗಂಡ ಪ್ರಸನ್ನ ಕುಮಾರ್, ಶಿರಾದ ಬೀಜದಂಗಡಿಯಲ್ಲಿ ಕೆಲಸಕ್ಕಿರುವವನು. ಒಂದೆರಡು ಸಲ ಅವಳು ಹೇಳಿದ ಗಳಿಗೆಗೇ ಮಳೆ ಬಿದ್ದು, ಊರಿನವರು ಅವಳನ್ನು ಕೇಳದೆ ಹಪ್ಪಳ ಸಹ ಹಾಕದಂತಾದರು. ಹದಿನೈದು ದಿನದ ಹಿಂದೆ ಮಾತ್ರ ಮರ್ಯಾದೆ ಹೋಯಿತು. ಪರದೆಯಲ್ಲಿ ಕೆಂಪು ಮೋಡ ನೆತ್ತಿಯ ಮೇಲೇ ಬಂದು ನಿಂತಿದ್ದನ್ನು ನೋಡಿ ಮುಯ್ಯಿಯ ಜೊತೆಗಾತಿ ಮಹಾಲಕ್ಷ್ಮಮ್ಮನ ಕಣದ ಕಾಯಿಯನ್ನೆಲ್ಲ ಬಾಚಿಸಿ ಒಳಗೆ ಹಾಕಿಸಿದಳು. ಒಂದು ಹನಿಯೂ ಬೀಳಲಿಲ್ಲ. ಬೀಳುತ್ತ ಬೀಳುತ್ತಲೇ ಗಾಳಿಯಲ್ಲೇ ಆರಿಹೋಗುವ ಮಳೆ ಈ ಸೀಮೆಯಲ್ಲಿ ಹೊಸದೇನಲ್ಲ, ಆದರೂ ಹೆಂಗಸರು ಒಂದು ವಾರ ಅವಳನ್ನು ಆಡಿಕೊಂಡರು.

ಇವತ್ತೂ ಹಾಗೇ ಆಗಬಹುದಲ್ಲ, ಎಂದುಕೊಂಡಳು. ಆದೀತು ಎಂದು ಅವಳಿಗೆ ನಿಜವಾಗಿ ಅನಿಸಿರಲಿಲ್ಲ. ಅನಿಸಿದ್ದರೆ ಎದ್ದು ನಿಂತು ಈ ಮಾತು ಆಡುತ್ತಿರಲಿಲ್ಲ.

"ಇವತ್ತಿಗೆ ಕಿತ್ತಿದ್ದು ಸಾಕು ಕಣ್ರಮ್ಮ. ಕಿತ್ತಿರೋದನ್ನ ಗುಡ್ಡೆ ಹಾಕ್ಬುಡನ, ಟಾರ್ಪಾಲ್ ಹೊದಿಸ್ಬುಡನ."

ಪಕ್ಕದ ಸಾಲಿನಲ್ಲಿದ್ದ ಗೌಸಿಯಾ ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದಳು. ಅವಳ ಮನೆಯದು ಊರ ಬಾಗಿಲಲ್ಲಿ ಟೈಲರ್ ಅಂಗಡಿ, ಜೊತೆಗೆ ಎರಡೆಕರೆ ಕಡ್ಲೆ. "ಹಸಿ ಗಿಡ ಯಾರಾದ್ರೂ ಗುಡ್ಡೆ ಹಾಕ್ತಾರಾ ಅಕ್ಕಾ? ಬೂಸ್ಲು ಹಿಡಿಯಾಕಿಲ್ವಾ?"

"ರಾತ್ರಿ ಹಂದಿ ನುಗ್ತವೆ ಕಣೆ. ಮೊನ್ನೆ ಆ ಕಡೆ ಹೊಲ ಪೂರಾ ಬಗೆದವೆ. ನಾಳಿಕ್ಕೆ ಬಿಚ್ಚಿ ಹರವ್ಕೊತೀನಿ."

"ಹೇಳಿದ್ದು ಮಾಡನ ಬಾರೆ ಗೌಸಿಯಾ," ಎಂದಳು ಕೊಲ್ಲಾಪುರಮ್ಮ. "ಹಂದಿ ಕಾಟ ನಂಗೊತ್ತು. ನಮ್ಮ ತವರಾಗೆ ಒಂದು ವರ್ಷ ಬಿತ್ತನೆಗೂ ಕಾಯಿ ಉಳೀಲಿಲ್ಲ."

ಆರೂ ಜನ ಗಿಡಗಳನ್ನು ತಬ್ಬಿ ತಬ್ಬಿ ತಂದು ಹಾಕಿದರು. ಎಲ್ಲರಿಗಿಂತ ಹೆಚ್ಚು ಓಡಾಡಿದವಳು ಕೊಲ್ಲಾಪುರಮ್ಮನೇ. ಅರವತ್ತರ ಹತ್ತಿರದ ಹೆಂಗಸು, ಮಂಡಿನೋವಿನವಳು, ಕಂಡವರ ಕೆಲಸವೆಂದರೆ ಮೈಮೇಲೆ ಎಚ್ಚರವಿರದವಳು. ಅವಳು ಒಂದೊಂದು ಹೊರೆ ತಂದು ಹಾಕಿದಾಗಲೂ ಜ್ಯೋತಿಲಕ್ಷ್ಮಿ ಗುಡ್ಡದ ಕಡೆ ಒಮ್ಮೆ ನೋಡುತ್ತಿದ್ದಳು. ಈ ಸಾಲು ಮುಗಿಯಲಿ, ಹೇಳುತ್ತೇನೆ, ಎಂದುಕೊಂಡಳು. ಆ ಸಾಲು ಮುಗಿಯಿತು. ಇನ್ನೊಂದೇ ಸಾಲು ಎಂದುಕೊಂಡಳು.

ಟಾರ್ಪಾಲಿನ ನಾಲ್ಕನೆಯ ಮೂಲೆಗೆ ಕಲ್ಲು ಹೇರುವಾಗ ತಣ್ಣನೆಯ ಗಾಳಿ ಬೀಸಿತು. ಎಲ್ಲರೂ ಒಟ್ಟಿಗೆ ಗುಡ್ಡದ ಕಡೆ ತಿರುಗಿದರು. ಅದರ ನೆತ್ತಿಯ ಮೇಲೆ ಕರ್ರನೆ ಮೋಡ ಏರಿ ಬಂದಿತ್ತು.

"ಅಯ್ಯೋ ದೇವುಡಾ, ನನ್ನ ಕಾಯಿ!" ಎಂದು ಕೊಲ್ಲಾಪುರಮ್ಮ ಮಂಡಿ ಮರೆತು ಓಡಿದಳು. ಉಳಿದವರೂ ಓಡಿದರು. ಎಲ್ಲರಿಗಿಂತ ಮುಂದೆ ಓಡಿದವಳು ಜ್ಯೋತಿಲಕ್ಷ್ಮಿ. ಕೆರೆಯ ಏರಿ ಹತ್ತುವಷ್ಟರಲ್ಲಿ ದಪ್ಪ ಹನಿ ಶುರುವಾಯಿತು, ಕಣ ಮುಟ್ಟುವಷ್ಟರಲ್ಲಿ ಕಾಯಿಯ ಅಡಿಯಲ್ಲಿ ನೀರು ಹರಿಯುತ್ತಿತ್ತು. ಕೈಗೆ ಸಿಕ್ಕ ಪುಟ್ಟಿ, ಮಕ್ಕರಿ, ಸೆರಗಿನಲ್ಲೆಲ್ಲ ತುಂಬಿ ಕಣದ ಪಕ್ಕದ ಮನೆಯೊಳಗೆ ಸುರಿದರು. ಕಾಲುಭಾಗ ಒಳಗಾಗಿರಬಹುದು, ಅದೂ ನೆಂದದ್ದೇ.

ಮೂರೂವರೆಗೆ ಮಳೆ ಹೊಳವಾಯಿತು. ಮೂವರು ಅವರವರ ಮನೆಗೆ ಹೋದರು. ಗೌಸಿಯಾ ಮತ್ತು ಜ್ಯೋತಿಲಕ್ಷ್ಮಿ ಉಳಿದು, ಕೆಸರಿನಲ್ಲಿ ಹೂತಿದ್ದ ಕಾಯಿಯನ್ನು ಆರಿಸಿ ತೊಳೆದು ಪಡಸಾಲೆಯಲ್ಲಿ ಹರವಿದರು.

"ಯಾರ ಕಣ್ಣಿಗೂ ಬೀಳ್ದಂಗೆ ಬಂದ್ಬುಡ್ತಲ್ಲ," ಎಂದು ಗೌಸಿಯಾ ಎರಡು ಸಲ ಅಂದಳು.

ಕೊಲ್ಲಾಪುರಮ್ಮ ಅಳಲಿಲ್ಲ. ಕೈ ಒರೆಸಿಕೊಂಡು ಹತ್ತಿರ ಬಂದಳು. "ನಾಳೆ ಬಿಸ್ಲು ಬತ್ತೈತಾ ನೋಡು ಜ್ಯೋತಿ. ಬಂದ್ರೆ ಒಂದೆಲ್ಡು ಚೀಲನಾದ್ರೂ ಉಳ್ಕೊತೈತೆ."

ಜ್ಯೋತಿಲಕ್ಷ್ಮಿ ಫೋನು ತೆಗೆದಳು. ಮುದುಕಿ ಅದನ್ನು ಎರಡು ಕೈಯಲ್ಲೂ ಹಿಡಿದು ತಾನೇ ನೋಡಿದಳು. ಈಗಿನ ಚಿತ್ರ ತೋರಿಸುವ ಮುಂಚೆ ಅದು ಕಳೆದ ಮೂರು ಗಂಟೆಯದನ್ನು ಒಂದಾದ ಮೇಲೊಂದು ಓಡಿಸುತ್ತದೆ. ಮಚ್ಚೆ ಪಾವಗಡದ ಹತ್ತಿರ ಹುಟ್ಟಿ, ಕೆಂಪಗಾಗಿ, ತೆವಳಿ, ಮಧ್ಯದ ನೀಲಿ ಚುಕ್ಕೆಯನ್ನು ಮುಚ್ಚಿ ಆಚೆ ಹೋಯಿತು. ಮತ್ತೆ ಮೊದಲಿನಿಂದ ಹೊರಟಿತು. ಕೊಲ್ಲಾಪುರಮ್ಮನಿಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು.

"ಈ ನೀಲಿ ಬೊಟ್ಟು ನಾವಾ?"

"ಹೂಂ ದೊಡ್ಡಮ್ಮ. ಕೊಡಿಲ್ಲಿ, ನಾಳೇದು ಬೇರೆ ಕಡೆ ಐತೆ."

ಅವಳು ಕೊಡಲಿಲ್ಲ. ಮೂರನೆಯ ಸಲವೂ ನೋಡಿದಳು. "ಎಲ್ಡೂ ಹತ್ತಕ್ಕೆ ಇಲ್ಲೈತೆ," ಎಂದು ಬೆರಳಿಟ್ಟಳು. "ನೀನು ನೀರು ಕುಡಿಯಾಕೆ ಬದಿನ ಮ್ಯಾಲೆ ಕೂತಾಗ ಎಲ್ಡ್ ಗಂಟೆ ಬಸ್ಸು ಆಗ್ಲೇ ಹೋಗಿತ್ತು."

ಗೌಸಿಯಾ ಕಾಯಿ ಹರವುವುದನ್ನು ನಿಲ್ಲಿಸಿದಳು. ಚಾರ್ಜ್ ಇರಲಿಲ್ಲ ಅನ್ನಬಹುದಿತ್ತು, ನೆಟ್‌ವರ್ಕ್ ಸಿಗಲಿಲ್ಲ ಅನ್ನಬಹುದಿತ್ತು. ಜ್ಯೋತಿಲಕ್ಷ್ಮಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಆವತ್ತಿನಂಗೆ ಬರಾಕಿಲ್ವೇನೋ ಅಂದ್ಕೊಂಡೆ ದೊಡ್ಡಮ್ಮ."

ಕೊಲ್ಲಾಪುರಮ್ಮ ಬೈಯಲಿಲ್ಲ, ಶಾಪ ಹಾಕಲಿಲ್ಲ. ಪರದೆಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿ ಫೋನು ವಾಪಸು ಕೊಟ್ಟಳು.

"ನಾಳೆ ನಮ್ಮ ಮುಯ್ಯಿ. ಏಳ್ ಗಂಟೆಗೆ ಬಂದ್ಬುಡು."

"ಬತ್ತೀನಿ."

"ಫೋನು ಮನೇಲೇ ಇಟ್ಟು ಬಾ."

ಹೇಳಿ, ಕಾಯಿಯ ಪಕ್ಕ ಮಂಡಿಯೂರಿ ಕೂತಳು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಣಗಿದ್ದರೆ ಒಳಗೆ ಬೀಜ ಗಿಲಕ್ ಅನ್ನುತ್ತದೆ. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು.