ಅಡುಗೆಮನೆಯ ಕಿಟಕಿ

“ನಿಂತಿತು ನೋಡೇ! ಹತ್ತು ಎಣಿಸೋದರೊಳಗೆ ನಿಂತಿತು. ಈಗಲಾದರೂ ಬೀಗದ ಕೈ ಕೊಡ್ತೀಯೋ ಇಲ್ಲವೋ?”

ಗಂಡ ಎಡಗೈ ಹೆಬ್ಬೆರಳನ್ನು ಅವಳ ಮೂಗಿಗೆ ತಾಗುವ ಹಾಗೆ ಹಿಡಿದಿದ್ದ. ಗಾಜಿನ ಚೂರಿನಿಂದ ಬೇಕೆಂದೇ ಗೀರಿಕೊಂಡ ಗಾಯ. ಅದರ ಮೇಲೆ ಸಾಸಿವೆಯಷ್ಟು ರಕ್ತ ಹೆಪ್ಪುಗಟ್ಟಿತ್ತು. ಅವಳು ಸೌಟು ಕೆಳಗಿಟ್ಟಳು.

ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಮೂವತ್ತು ವರ್ಷದ ಕಸುಬು. ಬೀದಿಯವರಿಗೆಲ್ಲ ಅವನು ಕಿಟಕಿ ಮಾವ. ಆರು ತಿಂಗಳ ಹಿಂದೆ ಡಾಕ್ಟರು ಅವನ ಹೃದಯದ ಚಿತ್ರ ನೋಡಿ, ಒಂದು ಕೋಣೆ ಸರಿಯಾಗಿ ಬಡಿಯದೆ ಬರೀ ನಡುಗುತ್ತಿದೆ, ಅಲ್ಲಿ ನಿಂತ ರಕ್ತ ಮೊಸರಿನಂತೆ ಗಟ್ಟಿಯಾಗಿದೆ, ಆ ಹೆಪ್ಪು ಜಾರಿ ತಲೆಗೆ ಹೋದರೆ ಕಷ್ಟ ಎಂದಿದ್ದರು. ರಕ್ತ ತೆಳುವಾಗಲು ದಿನಕ್ಕೊಂದು ಮಾತ್ರೆ. ತೆಳುವೇನೋ ಆಯಿತು. ಹಲ್ಲುಜ್ಜಿದರೆ ಉಗುಳು ಕೆಂಪು, ಬಾಗಿಲು ತಾಗಿದರೆ ತೊಡೆ ನೀಲಿ. ಹೋದ ತಿಂಗಳು ಕನ್ನಡಿ ಕೊರೆಯುವಾಗ ಬೆರಳು ಚೂರು ಕೊಯ್ದದ್ದಕ್ಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ರಕ್ತ ಸೋರಿ, ಮೇಷ್ಟರ ಅಪ್ಪಣೆ ಕೇಳುವವನ ಹಾಗೆ ಕೈ ಎತ್ತಿಕೊಂಡೇ ಆಸ್ಪತ್ರೆ ಸೇರಿದ್ದ. ಅಂದೇ ಅವಳು ಗಾಜು ಕೊರೆಯುವ ಸಾಮಾನನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಜಡಿದು, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಅವನು ಬೋನಿಗೆ ಬಿದ್ದ ಹುಲಿ. ಗೋಡೆಯಿಂದ ಗೋಡೆಗೆ ಏಳು ಹೆಜ್ಜೆ.

“ಮಾತ್ರೆ ಎಲ್ಲಿ?” ಎಂದಳು.

ಅವನ ಕಣ್ಣು ಕಿಟಕಿಯತ್ತ ಹೋಗಿ ಬಂತು. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟೇ ಸಾಕಾಯಿತು.

ದಿನಾ ಬೆಳಗ್ಗೆ ಅವಳೇ ಬಾಯಿಗೆ ಮಾತ್ರೆ ಹಾಕಿ, ನೀರು ಕುಡಿಸಿ, ಗಂಟಲು ಆಡುವುದನ್ನು ನೋಡಿಯೇ ಒಲೆಯತ್ತ ತಿರುಗುತ್ತಿದ್ದಳು. ಅವಳು ತಿರುಗಿದ ಕೂಡಲೇ ಮಹಾರಾಯ ನಾಲಿಗೆಯಡಿಯ ಮಾತ್ರೆಯನ್ನು ಕಿಟಕಿಯ ಗಾಜು ಅಲುಗದಂತೆ ಅಂಚಿಗೆ ಮೆತ್ತಿದ ಮೆದು ಪುಟ್ಟಿಯೊಳಗೆ ಹುದುಗಿಸಿ, ಹೆಬ್ಬೆರಳಿನಲ್ಲಿ ಸವರಿಬಿಡುತ್ತಿದ್ದ. ಅವಳು ಚಮಚದ ಹಿಡಿಯಿಂದ ಪುಟ್ಟಿ ಕೆದಕಿದಳು. ಒಂದರ ಹಿಂದೊಂದು ಹನ್ನೊಂದು ಮಾತ್ರೆ ಉದುರಿದವು.

“ಬೆರಳಲ್ಲಿ ಹೆಪ್ಪುಗಟ್ಟಿದ್ದು ಎದೆಯಲ್ಲಿ ಕಟ್ಟದೇ ಇರುತ್ತಾ? ಅದಕ್ಕೆ ಕುಣೀತಿದ್ದೀರಾ?”

“ಕೂತು ಕೊಳೆಯೋದಕ್ಕಿಂತ ಕೆಲಸ ಮಾಡ್ತಾ ಸಾಯ್ತೀನಿ.”

“ಸಾಯೋರಿಗೇನು, ಸುಲಭ. ಬಾಯಿ ಸೊಟ್ಟಗಾಗಿ, ಕೈಕಾಲು ಬಿದ್ದುಹೋಗಿ ಮಲಗಿದರೆ ಎತ್ತಿ ಕೂರಿಸೋಳು ನಾನು ಕಣ್ರೀ.”

ಕೊರಳಿನ ದಾರ ಕಿತ್ತಳು. ಒಂದು ಅಂಗೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಪುಟ್ಟಿ ಮೆತ್ತಿದ ಮಾತ್ರೆ. “ಎರಡರಲ್ಲಿ ಒಂದು ತಗೊಳ್ಳಿ. ಎರಡೂ ಸಿಗಲ್ಲ.” ಸಿಟ್ಟಿನಲ್ಲಿ ಹೇಳಿಬಿಟ್ಟಳು. ಅವನು ಎಲ್ಲಿ ಬೀಗದ ಕೈಗೆ ಕೈ ಹಾಕುತ್ತಾನೋ ಎಂದು ಆ ಅಂಗೈ ತಾನಾಗಿ ಅರ್ಧ ಮುಚ್ಚಿಕೊಂಡಿತು.

ಅವನು ಆ ಕೈ ನೋಡಿದ, ಈ ಕೈ ನೋಡಿದ.

“ಎರಡೂ ನೀನೇ ಇಟ್ಕೊ,” ಎಂದ. ಚಪ್ಪಲಿ ಮೆಟ್ಟಿ, ಬರಿಗೈಯಲ್ಲಿ ಹೊರಟ.

ಊಟದ ಹೊತ್ತು ಕಳೆಯಿತು. ಹಸಿವಾದರೆ ತಾನೇ ಬರುತ್ತಾನೆ ಎಂದುಕೊಂಡಳು. ಸಂಜೆಯಾಯಿತು. ಪಕ್ಕದ ಮನೆಯಾಕೆ, ನಿಮ್ಮವರು ಬಸ್‌ಸ್ಟ್ಯಾಂಡ್ ಕಡೆ ಹೋಗುತ್ತಿದ್ದರು, ಕರೆದರೂ ತಿರುಗಲಿಲ್ಲ ಎಂದಳು. ನೋಡಿ ಬರೋಣವೆಂದು ಹೊಸಿಲವರೆಗೆ ಹೋದಳು. ಅಷ್ಟರಲ್ಲಿ ಬೀದಿಯಲ್ಲಿ ಲಾರಿಯೊಂದು ಹಾದುಹೋಯಿತು. ಪುಟ್ಟಿ ಕಳೆದುಕೊಂಡ ಕಿಟಕಿಯ ಗಾಜು ಚೌಕಟ್ಟಿನೊಳಗೆ ಗಡಗಡ ಅಲುಗಾಡಿತು. ಓಡಿಬಂದು ಅಂಗೈಯಿಂದ ಒತ್ತಿ ಹಿಡಿದಳು.

ಇನ್ನೊಂದು ಲಾರಿ ಬಂತು. ಬಿಟ್ಟರೆ ಗಾಜು ಬಿದ್ದೀತೆಂದು ಅವಳು ಕೈ ತೆಗೆಯಲಿಲ್ಲ. ಗಾಜಿನಾಚೆ ಬೀದಿದೀಪ ಹೊತ್ತಿಕೊಂಡಿತು. ಕೈಯಡಿ ಗಾಜು ಸಣ್ಣಗೆ ನಡುಗುತ್ತಲೇ ಇತ್ತು.