ಇಬ್ಬರಿಗೆಂದು ಬಿಗಿದ ಸ್ಪ್ರಿಂಗು

ಟಿಣ್ ಟಿಣ್ ಅನ್ನುವ ಸದ್ದು ಇಲ್ಲ, ಔರಾದ ದಾಟಿ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದ ಮೇಲೆ ಈಗ ಗೊತ್ತಾಗುತ್ತಿದೆ, ಎಡಗಾಲಿನ ಹಿಂದೆ ಇಷ್ಟು ವರ್ಷ ಸದ್ದು ಮಾಡುತ್ತಿದ್ದುದು ಸೆರಗು ಚಕ್ರಕ್ಕೆ ಸಿಗಬಾರದೆಂದು ಹಾಕಿದ ಕಬ್ಬಿಣದ ಜಾಳಿಗೆ, ಸಾರಿ ಗಾರ್ಡು, ಅದೀಗ ನೌಬಾದಿನ ನಮ್ಮ ಮನೆಯ ಹಿತ್ತಿಲಲ್ಲಿ ಬಿದ್ದಿದೆ, ಹೆಂಡತಿ ಸುಮನ ಅದಕ್ಕೆ ಹೀರೇಬಳ್ಳಿ ಹಬ್ಬಿಸುತ್ತಾಳಂತೆ, ಹಬ್ಬಿಸಲಿ, ಕಿವಿಗೆ ಮಾತ್ರ ಏನೋ ಕಳೆದುಕೊಂಡ ಹಾಗೆ — ಬೈಕು ಹಗುರಾಗಿದೆ, ಅದಂತೂ ಖರೆ, ಜುಲ್ಫೀಕಾರ ಹೇಳಿದ್ದು ಸುಳ್ಳಲ್ಲ, ಒಂದು ಕಾಲದಲ್ಲಿ ನನ್ನ ಜೊತೆ ಕಲ್ಲು ಹಳ್ಳ ನೋಡದೆ ಬೈಕು ಹಾರಿಸುತ್ತಿದ್ದವನು, ಈಗ ಹೊಟ್ಟೆ ಬಂದು ಬೀದರಿನಲ್ಲಿ ಟೈರಿನ ಅಂಗಡಿ ಇಟ್ಟು ಕೂತಿದ್ದಾನೆ, ಮಾಸ್ತರ್, ಈ ವಯಸ್ಸಿನ್ಯಾಗ ಹೊಸಾ ಕಾಲು ಎಲ್ಲೂ ಸಿಗಂಗಿಲ್ಲರಿ, ಗಾಡೀನ ಹಗೂರ ಮಾಡ್ರಿ, ಗುಡ್ಡಕ್ಕ ಗಾಡಿ ಭಾರ ಆಗಂಗಿಲ್ಲ, ವಜನ್ ಭಾರ ಆಗ್ತದ, ಅಂದು ಪಾನಾ ಹಿಡಿದು ಕೂತವನು ಕನ್ನಡಿ ಎರಡೂ ಬಿಚ್ಚಿದ, ಹಿಂದೆ ಕೂರುವವರ ಕಾಲುಪಟ್ಟಿ ಬಿಚ್ಚಿದ, ಉದ್ದ ಸೀಟು ತೆಗೆದು ಒಬ್ಬರ ಸೀಟು ಕೂರಿಸಿದ, ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿದ, ಓಟ ಕಡಿಮೆ ಎಳೆತ ಜಾಸ್ತಿ, ನೇಗಿಲಿಗೆ ಕಟ್ಟಿದ ಎತ್ತಿನ ಹಾಗೆ, ಮತ್ತೆ ಗಟ್ಟಿ ಗಂಟಿನ ಟೈರು. ಸುಮನ ಬಾಗಿಲಲ್ಲಿ ನಿಂತು ಒಂದೊಂದೇ ಬಿಚ್ಚಿ ಬೀಳುವುದನ್ನು ನೋಡುತ್ತ, ಇದು ನಂದು, ಇದೂ ನಂದ ಅದ, ಜುಲ್ಫೀಕಾರಣ್ಣ, ನಂದs ಸಾಮಾನು ಬಿಚ್ಲಕತ್ತೀಯಲ್ಲ, ಅಂತ ನಕ್ಕಳು, ನಕ್ಕು ಒಳಗೆ ಹೋಗಿ ಚಹಾ ತಂದಳು, ನಾನೂ ನಕ್ಕೆ.

ಈಗ ಅವಳ ಸ್ಕೂಟರು ಮುಂದೆ, ಧೂಳಿನಲ್ಲಿ ಬಿಳಿ ಬೆನ್ನು ಕಾಣುತ್ತದೆ, ಮಧ್ಯಾಹ್ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಇದೆಯೆಂದು ಡ್ಯೂಟಿಯ ಬಿಳಿ ಚೂಡಿದಾರ ಹಾಕಿಕೊಂಡೇ ಬಂದಿದ್ದಾಳೆ, ರವಿವಾರದ ಬುದ್ಧವಂದನೆ ತಪ್ಪಿಸಿ, ಭಂತೇಜಿ ಕೇಳಿದ್ರ ಏನ್ ಹೇಳ್ತೀರಿ, ಗುಡ್ಡ ಏರ್ಲಕ್ ಹೋಗಿದ್ವಿ ಅಂತೀರೇನು, ಎಂದು ಮನೆ ಬಿಡುವಾಗ ಛೇಡಿಸಿದಳು, ಆದರೆ ಒಮ್ಮೆಯೂ ಬೇಡ ಅನ್ನಲಿಲ್ಲ, ಬೇಡ ಅಂದಿದ್ದರೆ ಜಗಳವಾಡಬಹುದಿತ್ತು, ಜಗಳವಾಡಿ ಮನೆಯಲ್ಲೇ ಉಳಿಯಬಹುದಿತ್ತು, ಹೆದರಿಕೆ ಇರುವುದು ನನಗೆ — ಅಗೋ ಬಂತು, ತೊಗರಿ ಹೊಲದ ಆಚೆ ಕೆಂಪು ಮುರುಮಿನ, ಗರಸು ಮಣ್ಣಿನ ದಿಬ್ಬ, ನಡುವೆ ಎಮ್ಮೆಯ ಬೆನ್ನಿನಂಥ ಆ ಕಲ್ಲು, ಏಳು ವರ್ಷದ ಹಿಂದೆ ಅಲ್ಲೇ ಹಿಂದಕ್ಕೆ ಮಗುಚಿ ಬಿದ್ದದ್ದು, ಬೈಕು ಮೇಲೆ, ನಾನು ಕೆಳಗೆ, ಬಲತೊಡೆಯ ಎಲುಬು ಎರಡು ತುಂಡು, ಒಳಗೆ ಸ್ಟೀಲಿನ ಸರಳು ಇಟ್ಟು ಕೂಡಿಸಿದರು, ಭಾಲ್ಕಿಯ ಸಾಲೆಯಲ್ಲಿ ಮಕ್ಕಳಿಗೆ ಓಡು ಹಾರು ಅಂತ ಸೀಟಿ ಊದುವ ಆಟದ ಮಾಸ್ತರ ನಾನು, ಈಗ ಕುಕ್ಕರಗಾಲಲ್ಲಿ ಕೂರುವುದಕ್ಕೂ ಬರುವುದಿಲ್ಲ. ಆಗ ಬೈಕು ತಾಡಪತ್ರಿಯ ಕೆಳಗೆ ಸೇರಿತು, ಸುಮನ ಸ್ಕೂಟರು ಕಲಿತಳು, ನಾನು ಹಿಂದೆ ಕೂತೆ, ಬಸ್ ನಿಲ್ದಾಣದವರೆಗೆ, ಸಂತೆಗೆ, ಬುದ್ಧವಿಹಾರಕ್ಕೆ, ಗಂಡಸು ಹಿಂದ ಕೂತಾನ ನೋಡು ಅಂತ ಯಾರೋ ನಕ್ಕರೆ ಅವಳು ಹಾರ್ನ್ ಬಾರಿಸುತ್ತಿದ್ದಳು, ಅವಳ ಹೆಗಲ ಮೇಲೆ ಕೈ ಇಟ್ಟು ಕೂತು ಊರು ನೋಡುವುದು ನನಗೆ ಹಿತವಾಗಿಯೇ ಇತ್ತು, ಯಾರಿಗೂ ಹೇಳಲಿಲ್ಲ, ಅವಳಿಗೂ. ಹಾಗಾದರೆ ಬೈಕು ಯಾಕೆ ಹೊರಗೆ ತೆಗೆದೆ ಅಂದರೆ — ಹುಚ್ಚು, ಇನ್ನೇನು, ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಅನ್ನುತ್ತಾರೆ, ನನಗೆ ಮದುವೆಯಾದರೂ ಬಿಡಲಿಲ್ಲ, ತೊಡೆಯೊಳಗಿನ ಸರಳಿಗೆ ಆ ದಿಬ್ಬ ಇನ್ನೂ ಬೇಕು. ಇವತ್ತ ಏರ್ಲಿಲ್ಲಂದ್ರ ಗಾಡಿ ಮಾರಿಬಿಡ್ತೇನಿ, ಅಂತ ಬೆಳಿಗ್ಗೆ ನಾನೇ ಅಂದೆ, ದೊಡ್ಡ ಮಾತು, ಅವಳು ರೊಟ್ಟಿ ಕಟ್ಟುತ್ತಿದ್ದವಳು ತಲೆ ಎತ್ತದೆ, ಮಾರೂದು ಆಮ್ಯಾಗ ನೋಡಣ್ರಿ, ಬಿದ್ರ ಎತ್ಲಕ್ ನಾನs ಬರಬೇಕಲ್ಲ, ಅದ್ಕ ಬರ್ಲಕತ್ತೇನಿ, ಅಂದಳು.

ಎರಡನೇ ಗೇರು, ಮೈ ಮುಂದಕ್ಕೆ, ಮೊಣಕಾಲಿನಿಂದ ಪೆಟ್ರೋಲ್ ಟಾಕಿ ಒತ್ತಿ ಹಿಡಿ, ನೋಟ ಮೇಲಿರಲಿ, ಕಲ್ಲಿನ ಮೇಲೆ ಬೇಡ, ಎಲ್ಲಿ ನೋಡುತ್ತೀಯೋ ಅಲ್ಲೇ ಹೋಗುತ್ತೀಯ, ಮುರುಮು ಹಾರುತ್ತಿದೆ, ಎಳೆತ ಚೆನ್ನಾಗಿದೆ, ಆದರೆ ಇದೇನು, ಹಿಂದಿನ ಚಕ್ರ ಕುಪ್ಪಳಿಸುತ್ತಿದೆ, ನೆಲ ಹಿಡಿಯುತ್ತಿಲ್ಲ, ಸಣ್ಣ ಕಲ್ಲಿಗೂ ಒದೆಯುತ್ತಿದೆ, ಒದ್ದಾಗಲೆಲ್ಲ ತೊಡೆಯ ಸರಳು ಝಣ್ ಅನ್ನುತ್ತಿದೆ, ಎಮ್ಮೆಬೆನ್ನಿನ ಕಲ್ಲು ಹತ್ತಿರ ಬಂತು, ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗಿತು, ನೆಲಕ್ಕೆ ಕಾಲು ಕೊಟ್ಟೆ, ನಿಂತೆ, ಬ್ರೇಕು ಬಿಡದೆ ಇಂಚಿಂಚೇ ಹಿಂದಕ್ಕೆ ಜಾರಿ ಇಳಿದು ಬಂದೆ. ಗಾಡಿ ಸರಿ ಇಲ್ಲ ಅಂದೆ. ಸ್ಕೂಟರಿಗೆ ಒರಗಿ ನಿಂತಿದ್ದ ಸುಮನ, ಹೌದ್ರಿ, ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ, ಅಂತ ನೀರಿನ ಬಾಟಲಿ ಚಾಚಿದಳು, ಅವಳ ಮುಖ ನಗುತ್ತಿತ್ತು, ಇನ್ನೊಂದು ಕೈ ನಿಂತ ಸ್ಕೂಟರಿನ ಬ್ರೇಕನ್ನು ಬಿಗಿಹಿಡಿದಿತ್ತು, ಅದನ್ನು ನೋಡಿ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ — ತಿರುಗಿಸಿದ ಕಣ್ಣಿಗೆ ಬಿತ್ತು ಹಿಂದಿನ ಸ್ಪ್ರಿಂಗು, ಅದರ ಬುಡದ ಉಂಗುರ, ಮೆಟ್ಟಿಲು ಮೆಟ್ಟಿಲಾಗಿ ಬಿಗಿಯುವ ಉಂಗುರ, ತುದಿಯ ಮೆಟ್ಟಿಲಿನಲ್ಲೇ ಕೂತಿದೆ. ಅಯ್ಯೋ ನನ್ನ ಬುದ್ಧಿಯೇ. ಎಷ್ಟು ವರ್ಷದ ಹಿಂದೆ ಬಿಗಿದದ್ದು, ಆಗಿನ್ನೂ ಹೊಸ ಮದುವೆ, ಭಾಲ್ಕಿಯ ಅತ್ತೆಯ ಮನೆಯಿಂದ ಬರುವಾಗ ಸುಮನ ಹಿಂದೆ, ಅವಳ ತೊಡೆಯ ಮೇಲೆ ಬೆಲ್ಲದ ಪೆಂಟೆ, ತಗ್ಗು ಬಂದಲ್ಲೆಲ್ಲ ಟೈರು ಮಡ್ಗಾರ್ಡಿಗೆ ಉಜ್ಜುತ್ತಿತ್ತು, ನಾನು ದಾರಿಯಲ್ಲೇ ಇಳಿದು ಉಂಗುರವನ್ನು ಕಡೆಯ ಮೆಟ್ಟಿಲಿಗೆ ಬಿಗಿದಿದ್ದೆ, ಇನ್ನ ಬೀಳಂಗಿಲ್ಲ, ಗಟ್ಟಿ ಕೂಡು, ಅಂದಿದ್ದೆ, ಆಮೇಲೆ ಅದನ್ನು ಮುಟ್ಟಿಯೇ ಇಲ್ಲ, ಅದರ ಮೇಲೇ ಕುಣಿದು ಕಲ್ಲು ಹಾರಿದೆ, ಅದರ ಮೇಲೇ ಬಿದ್ದೆ, ಅವಳ ಕಾಲುಪಟ್ಟಿ ಬಿಚ್ಚಿ, ಸೀಟು ಕಿತ್ತು, ಜಾಳಿಗೆ ಬಳ್ಳಿಗೆ ಕೊಟ್ಟು, ಎಲ್ಲ ತೆಗೆದೆವು ಅಂದುಕೊಂಡೆವು ಜುಲ್ಫೀಕಾರನೂ ನಾನೂ, ಆದರೆ ಬೈಕು ಇನ್ನೂ ಹಿಂದೆ ಅವಳು ಕೂತಿದ್ದಾಳೆ ಅಂತಲೇ ತಿಳಿದಿದೆ.

ಏನ್ ನೋಡ್ಲಕತ್ತೀರಿ ಅಂದಳು. ಸ್ಪ್ರಿಂಗು ನಿನ್ನ ವಜನಿಗೆ ಬಿಗದದ ಅಂದೆ, ಅದ್ಕs ಒದೀತದ. ಅವಳು ಬಗ್ಗಿ ಉಂಗುರ ನೋಡಿದಳು, ತೊಗರಿಯಲ್ಲಿ ಗಾಳಿ ಆಡುತ್ತಿತ್ತು, ಇರಲಿ ಬಿಡು, ಮನೆಗೆ ಹೋಗೋಣ ಅನ್ನಬೇಕು ಅನ್ನಿಸಿತು, ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವಳು, ಪಾನಾ ಎಲ್ಲದರಿ, ಅಂತ ನನ್ನ ಚೀಲ ಕೆದಕಿದಳು. ನಾನು ಬಗ್ಗಲು ಹೋದೆ, ತೊಡೆ ಒಪ್ಪಲಿಲ್ಲ, ಅರ್ಧಕ್ಕೇ ನಿಂತೆ, ಸರೀರಿ ಅತ್ತಾಗ, ಅಂದು ಅವಳೇ ಮೊಣಕಾಲೂರಿ ಕೂತಳು, ಯಾ ಕಡಿ ತಿರುಗಿಸ್ಲಿ, ಎಡಕ್ಕೋ ಬಲಕ್ಕೋ, ನಾನು ಹೇಳಿದೆ, ಟಕ್, ಒಂದು ಮೆಟ್ಟಿಲು, ಟಕ್, ಇನ್ನೊಂದು, ಹಳೆಯ ಗ್ರೀಸು ಕರಗಿ ಅವಳ ಕೈಗೆ ಬಂತು, ಆ ಕಡೆಯ ಸ್ಪ್ರಿಂಗಿಗೂ ಅಷ್ಟೇ, ಎರಡೂ ಸಮ ಇರಬೇಕು, ಟಕ್, ಟಕ್, ನಾನು ಅವಳಿಗೆಂದು ಬಿಗಿದದ್ದನ್ನು ಅವಳೇ ಸಡಿಲ ಮಾಡುತ್ತಿದ್ದಾಳೆ ಅನ್ನಿಸಿ, ಸಾಕು ಸಾಕು ಅಂದೆ, ಎಲ್ಲಿ ಸಾಕು, ನೆಟ್ಟಗ ಹೇಳ್ರಿ, ಒಬ್ಬರಿಗಿ ಎಷ್ಟು ಬೇಕು, ಅಂದಳು. ಎದ್ದು ಅಂಗೈ ಚಾಚಿ ತೋರಿಸಿದಳು, ಕಪ್ಪೋ ಕಪ್ಪು, ಇದೇ ಅಂಗೈ, ಸರಳು ಹಾಕಿದ ಮೇಲೆ ಮಂಚದ ಕೊನೆಯಲ್ಲಿ ಕೂತು ನನ್ನ ಅಂಗಾಲಿಗೆ ಆನಿಸಿ ಹಿಡಿಯುತ್ತಿದ್ದಳು, ಒತ್ರಿ, ನನ್ನ ಕೈ ನೂಕ್ರಿ, ಇನ್ನಾ ಜೋರ್, ಅಳಬ್ಯಾಡ್ರಿ, ನೂಕ್ರಿ, ದಿನಾ ಬೆಳಿಗ್ಗೆ, ನೂಕಿ ನೂಕಿಯೇ ಈ ಕಾಲು ಮತ್ತೆ ಕಾಲಾದದ್ದು, ಕಪ್ಪು ಅಂಗೈ ಎತ್ತಿ ಹಿಡಿದು, ಹೋಗ್ರಿ, ಅಂದಳು.

ಎರಡನೇ ಗೇರು. ಮೈ ಮುಂದೆ. ಹಿಂದಿನ ಚಕ್ರ ಕೂತಿದೆ, ಬೆಕ್ಕು ಹೆಜ್ಜೆಯಿಟ್ಟ ಹಾಗೆ ಕಲ್ಲು ಕಲ್ಲಿಗೆ ಅಂಟಿ ಬರುತ್ತಿದೆ, ಕಾಲುಪಟ್ಟಿಯ ಮೇಲೆ ಎದ್ದು ನಿಂತೆ, ಬಲಗಾಲಿನ ಕೆಳಗೆ ಕಬ್ಬಿಣವಲ್ಲ, ಅಂಗೈ ಇದೆ, ನೂಕ್ರಿ, ನೂಕಿದೆ, ಎಮ್ಮೆಬೆನ್ನು ಬಂತು, ಚಕ್ರ ಏರಿತು, ಒಂದು ಕ್ಷಣ ಬರೀ ಆಕಾಶ, ಆಮೇಲೆ ಸಪಾಟು ನೆಲ, ಕುಸುಬಿಯ ಹೊಲ, ಏರಿದೆ, ಏರಿಬಿಟ್ಟೆ, ಸುಮನಾ ಅಂತ ಕೂಗಿದೆ, ಎಂಜಿನು ನಿಲ್ಲಿಸಿದೆ, ನೋಡೋಣವೆಂದರೆ ಕನ್ನಡಿಯಿಲ್ಲ, ತಿರುಗಿ ನೋಡಿದರೆ ಕೆಳಗೆ ಸ್ಕೂಟರು ಒಂದೇ ನಿಂತಿದೆ, ಅವಳಿಲ್ಲ — ಇದ್ದಾಳೆ, ದಿಬ್ಬದ ಮೇಲೆ, ನನ್ನ ಟೈರು ಕೊರೆದ ಜಾಡು ಹಿಡಿದು ಹತ್ತಿ ಬರುತ್ತಿದ್ದಾಳೆ, ಚಪ್ಪಲಿ ಒಂದು ಕೈಯಲ್ಲಿ, ನಿಲ್ಲು, ನಾನೇ ಬರುತ್ತೇನೆ, ಕರೆದುಕೊಂಡು ಬರುತ್ತೇನೆ ಅಂತ ಬಾಯಿ ತೆರೆದೆ, ಎಲ್ಲಿ ಕೂರಿಸುವುದು, ಹಿಂದೆ ಸೀಟಿಲ್ಲ, ಕಾಲಿಡಲು ಪಟ್ಟಿಯಿಲ್ಲ, ಬಾಯಿ ಮುಚ್ಚಿದೆ, ಈ ಹುಡುಗಿಯನ್ನು ನಾನು ಎಷ್ಟು ಪ್ರೀತಿಸುತ್ತೇನೆ, ನಲವತ್ತೈದು ದಾಟಿದ ಈ ಹುಡುಗಿಯನ್ನು, ಮುರುಮು ಜಾರುತ್ತಿದೆ, ಅವಳು ನಿಲ್ಲುತ್ತಾಳೆ, ಉಸಿರು ತೆಗೆದುಕೊಳ್ಳುತ್ತಾಳೆ, ಡ್ಯೂಟಿಯ ಬಿಳಿ ಬಟ್ಟೆಯೆಂಬುದನ್ನು ಮರೆತು ಕಪ್ಪು ಅಂಗೈಯನ್ನು ತೊಡೆಯ ಮೇಲೆ ಊರಿ ಮೈಯನ್ನು ಮೇಲಕ್ಕೆ ನೂಕಿಕೊಳ್ಳುತ್ತಾಳೆ, ಒಂದು ಹೆಜ್ಜೆ, ಬಿಳಿಯ ಮೇಲೆ ಕಪ್ಪು ಅಂಗೈ, ಮತ್ತೆ ಊರುತ್ತಾಳೆ, ಮತ್ತೊಂದು, ಐದೂ ಬೆರಳು ಸ್ಪಷ್ಟ, ಬಿಳಿಯ ಮೇಲೆ ಕಪ್ಪು ಅಂಗೈ, ಕಪ್ಪು ಅಂಗೈ —