ಐದನೇ ಮನೆಯ ಗುರು

ಕೈಗೆತ್ತಿಕೊಂಡ ಕುಂಡಲಿಯನ್ನು ಅಪ್ಪ ಕೆಳಗಿಡಲೇ ಇಲ್ಲ. ಚಹಾ ತಂದ ಶುಭದಾ ಬಾಗಿಲಲ್ಲೇ ನಿಂತಳು. ಬೆಳಗಿನಿಂದ ಒಂದೊಂದನ್ನೇ ನೋಡಿ, ಎಡಕ್ಕೋ ಬಲಕ್ಕೋ ಹಾಕುತ್ತಿದ್ದ ಕೈ ಈಗ ತಡೆದು ನಿಂತಿತ್ತು.

ಪುಣೆಯ ಕಾಲೇಜೊಂದರ ಪ್ರೊಫೆಸರ್ ಒಬ್ಬರು ಜ್ಯೋತಿಷಿಗಳನ್ನು ಪರೀಕ್ಷೆಗೆ ಕರೆದಿದ್ದರು. ಹೆಸರಿಲ್ಲದ ಮಕ್ಕಳ ಕುಂಡಲಿ ನೋಡಿ, ಯಾರು ಜಾಣರು, ಯಾರಿಗೆ ಬುದ್ಧಿ ಬೆಳೆದಿಲ್ಲ ಎಂದು ವಿಂಗಡಿಸಬೇಕು. ವಾಯಿ ಊರಿನ ಉಳಿದ ಜ್ಯೋತಿಷಿಗಳು ಜಾರಿಕೊಂಡರು. ಶುಭದಾಳ ಅಪ್ಪ ಕರಂದೀಕರ ಗುರುಜಿ ಮಾತ್ರ ಒಪ್ಪಿದರು. "ಆ ಪ್ರೊಫೆಸರ್ ಮದಿವಿಗೆ ಮುಹೂರ್ತ ಇಟ್ಟಾಂವಾ ನಾನ. ಅವನ ಪರೀಕ್ಷೆಗೆ ಹೆದರಲೇನು?" ಎಂದು ನಕ್ಕಿದ್ದರು.

ಚಾಪೆಯ ಮೇಲೆ ಶುಭದಾಳ ಮಗಳು ಓವಿ ಬಟಾಣಿ ಸುಲಿಯುತ್ತಿದ್ದಳು. ಒಂಬತ್ತು ವರ್ಷವಾದರೂ ಮೂರರ ಮುಂದೆ ಎಣಿಕೆ ಬಾರದು. ಗುರುದಶೆ ಶುರುವಾದರೆ ಹುಡುಗಿಯ ಬುದ್ಧಿ ತಾನಾಗಿ ಅರಳುತ್ತದೆಂದು ಗುರುಜಿ ನಂಬಿದ್ದರು. ಸಾತಾರೆಯ ವಿಶೇಷ ಶಾಲೆಯ ಹೆಸರೆತ್ತಿದರೆ, ಕೂಸಿಗೆ ಹಣೆಪಟ್ಟಿ ಹಚ್ಚಬೇಡ ಎನ್ನುತ್ತಿದ್ದರು. ಗಡಿಯಲ್ಲಿ ಸೈನಿಕನಾಗಿದ್ದ ಅಳಿಯ ಮಾವನ ಮಾತು ಮೀರುವವನಲ್ಲ. ಅಲ್ಲಿ ಅಂತೂ ಸಿಕ್ಕಿದ್ದ ಸೀಟು, ಸೋಮವಾರ ಹೋಗದಿದ್ದರೆ ಬೇರೆಯವರ ಪಾಲು.

ಆ ಶಾಲೆಯಲ್ಲಿ, ಇದೇ ಪರೀಕ್ಷೆಗೆಂದು ಮಕ್ಕಳ ಜನ್ಮವೇಳೆ ಕೇಳಿದಾಗ ಶುಭದಾ ಓವಿಯದನ್ನೂ ಕೊಟ್ಟಿದ್ದಳು. ಅದು ತಿರುಗಿ ಈ ಮನೆಗೇ ಬಂದೀತೆಂದು ಅಂದುಕೊಂಡಿರಲಿಲ್ಲ.

"ಮೀನ ಲಗ್ನ. ಬುದ್ಧಿ ಹೇಳೂ ಐದನೇ ಮನಿಯೊಳಗ ಉಚ್ಚ ಗುರು," ಎಂದರು ಅಪ್ಪ, ತಲೆಯೆತ್ತದೆ. "ಇದನ್ನ ತೊಟ್ಟಿಲಕ್ಕ ಹಾಕೋ ದಿನಾ ನಾನ ಕೈಯಾರೆ ಬರದೀನಿ."

"ನಾನೇ ಕೊಟ್ಟೀನಪ್ಪಾ. ನಿಮ್ಮನ್ನ ಸೋಲಸಲಿಕ್ಕಲ್ಲ."

ಅಪ್ಪ ಸಿಟ್ಟಾಗಲಿಲ್ಲ. ಎಡಕ್ಕೆ ಜಾಣರು, ಬಲಕ್ಕೆ ಉಳಿದವರು. ಎರಡರ ನಡುವೆ ಆ ಹಾಳೆ ಬಹಳ ಹೊತ್ತು ತೂಗಿತು.

"ಬಲಕ್ಕ ಹಾಕಿದ್ರ ಒಂದು ಉತ್ತರ ಖರೆ ಆಗ್ತದ," ಎಂದರು. "ಆದ್ರ ಅದು ಕುಂಡಲಿ ನೋಡಿ ಹೇಳಿಧಂಗ ಆಗೂದಿಲ್ಲ. ಕೂಸಿನ್ನ ನೋಡಿ ಹೇಳಿಧಂಗ."

ಹಾಳೆಯನ್ನು ಎಡಕ್ಕೆ, ಜಾಣರ ಸಾಲಿಗೆ ಸೇರಿಸಿದರು. ಇನ್ನು ಶಾಲೆಯ ಮಾತೆತ್ತುವಂತಿಲ್ಲ ಎಂದುಕೊಂಡಳು ಶುಭದಾ.

ಆರಿದ ಚಹಾವನ್ನೇ ಕುಡಿದು, ಅಪ್ಪ ಮಂಡಿ ಹಿಡಿದುಕೊಂಡು ಮೆಲ್ಲಗೆ ಓವಿಯ ಎದುರು ಕುಳಿತರು. ಅವಳು ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿದ್ದಳು. ಅಪ್ಪ ಅವನ್ನು ಆರಿಸಿ ಬೇರೆ ಮಾಡತೊಡಗಿದರು.

"ಸಾತಾರೆಗೆ ಮುಂಜಾನೆ ಎಷ್ಟಕ್ಕ ಬಸ್ಸು, ಸೋಮವಾರ?" ಎಂದು ಕೇಳಿದರು. "ನಾನೂ ಬರ್ತೀನಿ."

ಶುಭದಾ ಬಸ್ಸಿನ ವೇಳೆ ಹೇಳಿ, ಖಾಲಿ ಲೋಟ ಎತ್ತಿಕೊಂಡಳು.

ಅವರು ಒಂದು ಕಾಯಿ ಬಿಡಿಸಿ ಓವಿಯ ಮುಂದೆ ಹಿಡಿದರು. ಅವಳು ಬೆರಳಿಟ್ಟು ಒಂದು, ಎರಡು, ಮೂರು ಎಂದಳು. ಅಲ್ಲಿಗೇ ನಿಲ್ಲಿಸಿ, ಅಜ್ಜನ ಮುಖ ನೋಡಿ ನಕ್ಕಳು. ಕಾಯಿಯೊಳಗೆ ಇನ್ನೂ ಕಾಳುಗಳಿದ್ದವು. ಅಜ್ಜ ಅದನ್ನು ಹಾಗೇ ಹಿಡಿದುಕೊಂಡು ಕೂತರು.